ಸೋಪಿನ ಡಬ್ಬಿಯೂ ಓರಗಿತ್ತಿಯರೂ

ಅರವತ್ತರ ದಶಕದ ಮೊದಲಿಗೆ ಸಿದ್ದಾಪುರದ ಪೇಟೆಯಲ್ಲಿ ನಮ್ಮದೊಂದು ಸಣ್ಣ ಅಂಗಡಿಯಿತ್ತು. ಗಂಡ ಸರಕು ತರಲು ಶಿರಸಿಗೆ ಹೋದಾಗ ಗಲ್ಲೆಯ ಮೇಲೆ ನಾನೇ ಕೂರುತ್ತಿದ್ದೆ. ಪ್ಲಾಸ್ಟಿಕ್ಕಿನ ಸೋಪಿನ ಡಬ್ಬಿ ಆಗ ಹೊಸತು. ಹುಬ್ಬಳ್ಳಿಯ ವ್ಯಾಪಾರಿಯೊಬ್ಬ ತಂದುಹಾಕಿದ್ದ. ಎಲ್ಲವೂ ಗುಲಾಬಿ ಬಣ್ಣದವು.

ನಮ್ಮ ಕೇರಿಯ ಓರಗಿತ್ತಿಯರಿಬ್ಬರು, ಒಬ್ಬರು ಹೋದಮೇಲೆ ಇನ್ನೊಬ್ಬರು ಬಂದು, ಒಂದೊಂದು ಡಬ್ಬಿ ಒಯ್ದರು. ಮನೆ ಹಿಸ್ಸೆಯಾದಾಗಿನಿಂದ ಅವರಿಗೆ ಮಾತಿರಲಿಲ್ಲ.

ಮರುವಾರ ಹಿರಿಯಾಕೆ ಡಬ್ಬಿ ಹಿಡಿದು ಬಂದಳು. "ಎಂತ ತಂಗಿ ಇದು? ಮುಚ್ಚಿರೆ ತೆಗೆಯಲೇ ಬತ್ತಿಲ್ಲೆ. ಸೋಪು ಒಳಗೇ ಇದ್ದು, ಆನು ಹೊರಗೆ." ಕಿರಿಯಾಕೆಯದು ತದ್ವಿರುದ್ಧ ದೂರು: ಮುಚ್ಚಳ ನಿಲ್ಲುವುದೇ ಇಲ್ಲ. ಎರಡನ್ನೂ ಇರಿಸಿಕೊಂಡು, ವ್ಯಾಪಾರಿ ಬಂದಾಗ ಮುಂದಿಟ್ಟೆ.

"ಅಕ್ಕಾರ, ತಳಕ್ಕೊಂದು ಅಚ್ಚು, ಮುಚ್ಚಳಕ್ಕೊಂದು ಅಚ್ಚು. ಬಿಸಿ ಇದ್ದದ್ದು ಆರಿದಮ್ಯಾಲೆ ಕುಗ್ಗತೈತಿ. ಒಂದು ಕೂದಲೆಳಿಯಷ್ಟು ಹೆಚ್ಚುಕಮ್ಮಿ ನಡೀತೈತ್ರಿ."

"ಯಾರಿಗೆ ನಡೆಯುತ್ತದೆ?"

"ಫ್ಯಾಕ್ಟರಿಯವರಿಗ್ರಿ."

ಅವನು ಹೋದಮೇಲೆ ಮುಚ್ಚಳಗಳನ್ನು ಅದಲುಬದಲು ಮಾಡಿ ನೋಡಿದೆ. ಎರಡೂ ಟಕ್ಕೆಂದು ಕೂತವು. ಒಂದು ಕ್ಷಣ ನನಗೆ ಭಯವೇ ಆಯಿತು. ಈ ಸಂಗತಿಯನ್ನು ಆ ಇಬ್ಬರಿಗೆ ಹೇಳುವುದು ಹೇಗೆ?

ಆದರೂ ಹೇಳಿದೆ. ಹಿರಿಯಾಕೆ ಡಬ್ಬಿಯನ್ನು ಮುಚ್ಚಿದಳು, ತೆರೆದಳು, ಮತ್ತೆ ಮುಚ್ಚಿದಳು.

"ಅಡ್ಡಿಲ್ಲೆ. ಅದ್ರ ಮುಚ್ಚಳ ನಮ್ಮನೆಲಿ ಇದ್ದು ಹೇಳಿ ಅದ್ಕೆ ಮಾತ್ರ ಹೇಳಡ," ಎಂದು ಓರಗಿತ್ತಿಗೆ ತಿಳಿಸದಂತೆ ನನ್ನಿಂದ ಮಾತು ತೆಗೆದುಕೊಂಡಳು.

ಸಂಜೆ ಕಿರಿಯಾಕೆಯೂ ಇದೇ ಮಾತು ಹೇಳಿ ಹೋದಳು. ಹೀಗೆ ಇಬ್ಬರಿಗೂ ಗೊತ್ತಿದ್ದ ಗುಟ್ಟನ್ನು ಇಬ್ಬರಿಂದಲೂ ಕಾಯುವ ಕೆಲಸ ನನ್ನ ಪಾಲಿಗೆ ಬಂತು.

ಆ ಮಳೆಗಾಲದಲ್ಲಿ ಹಿರಿಯಾಕೆಯ ಮುಚ್ಚಳ ಬಚ್ಚಲುಕಲ್ಲಿನ ಮೇಲೆ ಬಿದ್ದು ಒಡೆಯಿತು. ಬರೀ ಮುಚ್ಚಳ ಮಾರುವುದಿಲ್ಲವೆಂದೆ. ಹೊಸ ಡಬ್ಬಿ ಕೊಂಡಳು. ಅದರ ಮುಚ್ಚಳ ಹಳೆಯ ತಳಕ್ಕೂ ಆಗಲಿಲ್ಲ, ತನ್ನ ತಳಕ್ಕೂ ಆಗಲಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಕೂತು, ಇನ್ನು ಕಿರಿಯಾಕೆಯ ಡಬ್ಬಿಯೊಂದಿಗೆ ಅದಲುಬದಲು ಮಾಡಿ ನೋಡುವುದೊಂದೇ ದಾರಿಯೆಂದು ಲೆಕ್ಕಹಾಕಿದಳು. ಆಮೇಲೆ ಎದ್ದು, ಸೆರಗಿನಲ್ಲಿ ಡಬ್ಬಿ ಮುಚ್ಚಿಕೊಂಡು, ನೇರ ಕಿರಿಯಾಕೆಯ ಮನೆಯ ಮೆಟ್ಟಿಲು ಹತ್ತಿದಳು.

ಇಬ್ಬರೂ ಒಂದಾದರೆಂದು ಕೇರಿಯವರು ಸಂತೋಷಪಟ್ಟರು. ಯಾರೋ ಹಿರಿಯರು ತಮ್ಮ ಬುದ್ಧಿವಾದ ಫಲಿಸಿತೆಂದೂ ಹೇಳಿಕೊಂಡರು. ನಾನು ಕಿರಿಯಾಕೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡದ್ದು ಇಷ್ಟು:

"ಒತ್ತಡ, ಒಡೀತು," ಎಂದು ಮುಚ್ಚಳ ಒತ್ತದಂತೆ ಕಿರಿಯಾಕೆ ತಡೆಯುತ್ತಿದ್ದಳು.

"ಒತ್ತದೆ ಇದ್ರೆ ಕೂರ್ತಿಲ್ಲೆ."

ಮುಂದೆ ವರ್ಷಗಟ್ಟಲೆ ಅವರು ಮಾತಾಡಿದರು, ಬಹುತೇಕ ಜಗಳವನ್ನೇ.