ನೆಗೆಣ್ಣಿಗೆ ಕೊಟ್ಟ ಹುಳಿಹಿಟ್ಟು

ನೆಗೆಣ್ಣಿಯ ಮೇಲೆ ನಾನು ಸೇಡು ತೀರಿಸಿಕೊಂಡ ಬಗೆಯನ್ನು ನನ್ನ ಗಂಡನಿಗೆ ಇನ್ನೂ ಪೂರ್ತಿ ಹೇಳಿಲ್ಲ.

ನಾನು ಖಾನಾಪುರ ತಾಲೂಕಿನ ಬೀಡಿ ಎಂಬ ಊರಿನವಳು. ತವರಿನಲ್ಲಿ ಕುರಿ, ಎಮ್ಮೆ, ಸ್ವಲ್ಪ ಹೊಲ. ಮದುವೆಯಾಗಿ ಬೆಳಗಾವಿಗೆ ಬಂದಾಗ ಮನೆಯಲ್ಲಿ ನಾವಿಬ್ಬರು, ಭಾವ, ಭಾವನ ಹೆಂಡತಿ. ಅಡುಗೆಮನೆ ಒಂದೇ. ಆ ನೆಗೆಣ್ಣಿ ಪೇಟೆಯಲ್ಲೇ ಹುಟ್ಟಿ ಬೆಳೆದವಳು. ಮನೆಯಲ್ಲಿ ಬನ್ನು, ಕೇಕು ಮಾಡಿ ರವಿವಾರ ಪೇಟೆಯ ಅಂಗಡಿಯೊಂದಕ್ಕೆ ಕೊಡುತ್ತಿದ್ದಳು. ಶನಿವಾರ ಏಳೆಂಟು ಹೆಂಗಸರಿಗೆ ಕಲಿಸುತ್ತಿದ್ದಳು. ನನಗೆ ಅವಳ ಒವನ್ ಮುಟ್ಟುವ ಅಪ್ಪಣೆಯೂ ಇರಲಿಲ್ಲ. ಗಂಡನಿಂದ ಭಾವನಿಗೆ ಹೇಳಿಸಿ, ಅವಳ ಕೆಲಸ ಮುಗಿದ ಮೇಲೆ ಒಂದು ತಾಸು ಸಿಗುವಂತೆ ಮಾಡಿಕೊಂಡೆ.

ಯೀಸ್ಟ್ ಹಾಕಿದ ಬ್ರೆಡ್ ತಿಂದರೆ ನನ್ನ ಗಂಡನಿಗೆ ಹೊಟ್ಟೆಯುಬ್ಬರ. ಹಾಗಾಗಿ ಯೀಸ್ಟ್ ಇಲ್ಲದೆ ಬ್ರೆಡ್ ಮಾಡುವುದನ್ನು ಫೋನಿನಲ್ಲಿ ನೋಡಿ ಶುರುಮಾಡಿದೆ. ಬೇಕಾದದ್ದು ಗೋಧಿ ಹಿಟ್ಟು, ನೀರು, ತಾಳ್ಮೆ. ಗಾಜಿನ ಬಾಟಲಿಯಲ್ಲಿ ಕಲಸಿಟ್ಟು, ದಿನಾ ಅರ್ಧ ತೆಗೆದು ಹೊಸ ಹಿಟ್ಟು, ನೀರು ಹಾಕಬೇಕು. ಮೂರನೆಯ ದಿನ ಗುಳ್ಳೆ ಎದ್ದು ಗಬ್ಬು ನಾತ ಬಂತು. ಆಮೇಲೆ ನಾಲ್ಕೈದು ದಿನ ಸತ್ತಂತೆ ಬಿದ್ದುಕೊಂಡಿತು. ಹತ್ತನೆಯ ದಿನ ಬೆಳಿಗ್ಗೆ ನೋಡಿದರೆ ಅರ್ಧ ಬಾಟಲಿ ಇದ್ದ ಹಿಟ್ಟು ಕಂಠದವರೆಗೆ ಏರಿತ್ತು. ನಾತ ಹೋಗಿ ಮಜ್ಜಿಗೆಯಂಥ ಹುಳಿ ವಾಸನೆ ಬಂದಿತ್ತು. ಆ ಹುಳಿಹಿಟ್ಟು ಬೆರೆಸಿ ಮಾಡಿದ ಮೊದಲ ಬ್ರೆಡ್ಡು ಇಟ್ಟಿಗೆಯಂತಾಯಿತು. ಏಳನೆಯದನ್ನು ಗಂಡ ಕೇಳಿ ಹಾಕಿಸಿಕೊಂಡು ತಿಂದ. ಆ ಬಾಟಲಿಯನ್ನು ಎರಡು ವರ್ಷ ಒಂದು ದಿನವೂ ಉಪವಾಸ ಕೆಡವಲಿಲ್ಲ.

ಒಂದು ಶನಿವಾರ ಕಾಯಿಪಲ್ಲೆ ತಂದು ಒಳಗೆ ಕಾಲಿಟ್ಟರೆ ಬಾಟಲಿ ತೊಳೆದು ಬೋರಲು ಹಾಕಿತ್ತು. ಕಲಿಯಲು ಬಂದ ಹೆಂಗಸರು ಸುತ್ತ ಕೂತಿದ್ದರು.

"ಅಕ್ಕಾ, ಇದರಾಗಿನ ಹಿಟ್ಟ ಎಲ್ಲೈತ್ರಿ?"

"ಬಚ್ಚಲಕ್ಕ ಹೋತು," ನೆಗೆಣ್ಣಿ ಕೇಕಿನಿಂದ ಕಣ್ಣೆತ್ತಲಿಲ್ಲ. "ಬಂದ ಮಂದಿ ಮೂಗ ಮುಚ್ಚಿಕೊಂಡ ಕುಂತಿದ್ರು. ಕುರಿ ಹಟ್ಟಿ ವಾಸನಿ ನಿನಗ ರೂಢಿ ಐತಿ ತಂಗಿ, ನಮಗಿಲ್ಲ."

ಹೆಂಗಸರು ನಕ್ಕರು. ಒಬ್ಬಾಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನು ಕೋಣೆಗೆ ಹೋಗಿ ಕೂತೆ. ಅಳು ಬರಲಿಲ್ಲ.

ಹಿಂದೆ ಪಂಚಮಿಗೆ ತವರಿಗೆ ಹೋದಾಗ ಒಂದು ಡಬ್ಬಿ ಹುಳಿಹಿಟ್ಟು ಅವ್ವನಿಗೆ ಕೊಟ್ಟು ಬಂದಿದ್ದೆ. ಮರುದಿನವೇ ಬೀಡಿಗೆ ಹೋಗಿ ಅದು ಇನ್ನೂ ಇದೆಯೇ ಎಂದು ಕೇಳಿದೆ.

"ಐತಿ ಬಿಡು," ಅಂದಳು ಅವ್ವ. "ಮೊಸರಿನ ಹೆಪ್ಪಿನ ಬಾಜೂಕ ಇಟ್ಟೀನಿ. ದ್ವಾಸಿ ಹಿಟ್ಟಿಗೆ ಹಾಕ್ತೀನಿ, ಚಲೋ ಏಳ್ತಾವ. ಯಾಕ, ನಿನ್ನದೇನಾತು?"

ಎಲ್ಲ ಹೇಳಿದೆ. ಅವ್ವ ಕೈಯಲ್ಲಿದ್ದ ಕಸಬರಿಗೆ ಕೆಳಗಿಟ್ಟಳು.

"ಮತ್ತ ನೀ ಸುಮ್ನ ಎದ್ದ ಬಂದಿ?"

ಆ ಒಂದು ಮಾತು ಸಾಕಾಯಿತು. ಅವ್ವನ ಹುಳಿಹಿಟ್ಟನ್ನು ಒಂದು ಡಬ್ಬಿಗೆ ತುಂಬಿಕೊಂಡು ಖಾನಾಪುರದಲ್ಲಿ ರೈಲು ಹತ್ತಿದೆ. ಸೆಕೆಗೆ ಹಿಟ್ಟು ಉಬ್ಬಿ ದೇಸೂರಿನ ಹತ್ತಿರ ಡಬ್ಬಿಯ ಮುಚ್ಚಳ ಟಪ್ಪೆಂದು ಹಾರಿತು. ಪಕ್ಕದವಳ ಸೀರೆಯ ಮೇಲೆ ಬಿದ್ದದ್ದನ್ನು ಒರೆಸಿ ಕ್ಷಮೆ ಕೇಳಿದೆ. ಉಳಿದದ್ದನ್ನು ಬೆಳಗಾವಿಯವರೆಗೆ ಅಂಗೈಯಿಂದ ಮುಚ್ಚಿಕೊಂಡೇ ಕೂತೆ.

ಹಟ ಹಿಡಿದು ಅಡುಗೆ ಬೇರೆ ಮಾಡಿಸಿದೆ. ಅವರು ಮಹಡಿಗೆ ಹೋದರು, ನಾವು ಕೆಳಗುಳಿದೆವು. ನನ್ನದೇ ಒವನ್ ಬಂತು. ಅದರಲ್ಲಿ ಬೆಂದ ಮೊದಲ ಒಳ್ಳೆಯ ಬ್ರೆಡ್ಡನ್ನು ಬೇಕೆಂದೇ ರವಿವಾರ ಪೇಟೆಯ ಅದೇ ಅಂಗಡಿಗೆ ಒಯ್ದೆ. ಅಂಗಡಿಯವರು ತುಂಡು ಮುರಿದು ಬಾಯಿಗೆ ಹಾಕಿಕೊಂಡರು.

"ಜರಾ ಹುಳಿ ಐತ್ರಿ ಬಾಯಾರ, ಖರೇ ಹೊಟ್ಟಿಗೆ ಹಗರ ಐತಿ. ನಾಳಿಂದ ತರ್ರಿ."

ವರ್ಷದೊಳಗೆ ಅವಳ ಬನ್ನುಗಳನ್ನು ಕೇಳುವವರು ಕಡಿಮೆಯಾದರು. ಶನಿವಾರದ ಹೆಂಗಸರು ಒಬ್ಬೊಬ್ಬರಾಗಿ ಕೆಳಗೆ ನನ್ನ ಬಳಿ ಬಂದರು, ಸೆರಗು ಒತ್ತಿಕೊಂಡು ನಕ್ಕವಳೂ ಬಂದಳು. ಮೆಟ್ಟಿಲ ಮೇಲಿಂದ ಕಾಣಲಿ ಎಂದು ನಾನು ಬಾಗಿಲನ್ನು ಪೂರ್ತಿ ತೆರೆದಿಡುತ್ತಿದ್ದೆ.

ಕೊನೆಗೆ ಅವಳೇ ಇಳಿದು ಬಂದಳು.

"ತಂಗಿ, ಎಲ್ಲಾರೂ ಯೀಸ್ಟಿಂದು ಬ್ಯಾಡ ಅಂತಾರ. ನಿನ್ನ ಹುಳಿಹಿಟ್ಟ ಒಂದೀಟ ಕೊಡ್ತಿಯೇನ? ಹಿಂದಿಂದೆಲ್ಲಾ ಮನಸಿನ್ಯಾಗ ಇಟ್ಕೊಂಡಿಲ್ಲಲಾ?"

"ಇಲ್ರಿ ಅಕ್ಕಾ. ನಾಳಿ ಕೊಡ್ತೀನಿ."

ಮೊಸರಿನ ಹೆಪ್ಪಿನಂತೆ ಹುಳಿಹಿಟ್ಟಿನಲ್ಲೂ ಜೀವ ಇರುತ್ತದೆ, ಕಾವು ಹೆಚ್ಚಾದರೆ ಸಾಯುತ್ತದೆ. ಒಂದು ಸಣ್ಣ ಬಾಟಲಿಗೆ ಹಾಕಿ, ಬೆರಳು ಅದ್ದಲಾಗದಷ್ಟು ಬಿಸಿ ನೀರಿನಲ್ಲಿ ಅರ್ಧ ತಾಸು ಇಟ್ಟೆ. ಆರಿದ ಮೇಲೆ ನೋಡಿದರೆ ಬಣ್ಣ, ಹುಳಿ ಎಲ್ಲ ಹೆಚ್ಚುಕಡಿಮೆ ಮೊದಲಿನಂತೆಯೇ ಇತ್ತು. ಅವಳ ಕೈಗೆ ಕೊಡುವಾಗ ಇನ್ನೊಂದು ಮಾತು ಸೇರಿಸಿದೆ: "ದಿನಾ ಮೈದಾನೇ ಹಾಕ್ರಿ. ಗಿರಣಿ ಹಿಟ್ಟ ಹಚ್ಚಬ್ಯಾಡ್ರಿ, ಕೆಡತೈತಿ." ತೌಡಿನ ಸಮೇತ ಬೀಸಿದ ಹಿಟ್ಟಿನಲ್ಲಿ ಉಬ್ಬಿಸುವ ಜೀವ ತಾನಾಗಿಯೇ ಇರುತ್ತದೆ, ಮೈದಾದಲ್ಲಿ ಅದು ತೀರ ಕಡಿಮೆ. ಅದು ನನಗೆ ಗೊತ್ತಿತ್ತು.

ಹದಿನೈದು ದಿನ ಬೆಳಿಗ್ಗೆ ಬೆಳಿಗ್ಗೆ ಮೆಟ್ಟಿಲ ಮೇಲಿಂದ ಅವಳ ದನಿ ಬರುತ್ತಿತ್ತು.

"ಇವತ್ತೂ ಎದ್ದಿಲ್ಲ ನೋಡು."

"ಅದಕ್ಕ ಕೈಗುಣ ಬೇಕಾಗ್ತೈತ್ರಿ ಅಕ್ಕಾ," ಎನ್ನುತ್ತಿದ್ದೆ.

ಒಮ್ಮೆ ಅವಳು ನಿಂತಲ್ಲೇ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಅದನ್ನು ಕಂಡು ನನಗೆ ಮರುಕ ಹುಟ್ಟಲಿಲ್ಲ. ಆ ದಿನ ಕುಡಿದ ಚಹಾ ಎಂದಿಗಿಂತ ರುಚಿಯಾಗಿತ್ತು.

ಆಮೇಲೆ ಕೆಲವು ದಿನ ದನಿ ಕೇಳಿಸಲಿಲ್ಲ. ಸೋತು ಬಿಟ್ಟಳು ಎಂದುಕೊಂಡೆ. ಒಂದು ಮುಂಜಾನೆ ಅರಿವೆಯಲ್ಲಿ ಸುತ್ತಿದ ಬಿಸಿ ಬ್ರೆಡ್ಡು ಹಿಡಿದು ಇಳಿದು ಬಂದಳು. ನನ್ನ ಕಟ್ಟೆಯ ಮೇಲಿಟ್ಟು ಕೊಯ್ದಳು. ಒಳಗೆಲ್ಲ ದೊಡ್ಡ ದೊಡ್ಡ ತೂತು, ಮೇಲೆ ಕಂದು ಬಣ್ಣದ ಗರಿಗರಿ ಸಿಪ್ಪೆ.

"ಮೈದಾ ತೀರಿತ್ತು. ಗಿರಣಿಯಿಂದ ಬೀಸಿಕೊಂಡ ಬಂದದ್ದನ್ನ ಹಾಕಿದೆ. ಕೆಟ್ರ ಕೆಡ್ಲಿ ಅಂದೆ. ಎಂಟ ದಿವಸಕ್ಕ ಬಾಟಲಿ ತುಂಬಿ ಹೊರಗ ಬಂತು. ನಿನ್ನ ಉಪಕಾರ ಮರಿಯಂಗಿಲ್ಲ ತಂಗಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಉಪಕಾರ ಎಂದದ್ದು ತಡೆಯಲಾಗಲಿಲ್ಲ.

"ನನ್ನ ಉಪಕಾರ ಏನೂ ಇಲ್ಲ. ನಾ ಕೊಟ್ಟದ್ದು ಸತ್ತಿತ್ತು. ಬಿಸಿನೀರಾಗ ಇಟ್ಟು ನಾನ ಕೊಂದು ಕೊಟ್ಟಿದ್ದೆ. ನೀವು ಬಚ್ಚಲಕ್ಕ ಸುರುವಿದ್ರೆಲ್ಲ, ಅದಕ್ಕ."

ಅವಳ ಮುಖ ಸಣ್ಣಗಾಗುವುದನ್ನು ನೋಡಬೇಕಿತ್ತು, ಅದಕ್ಕೇ ಹೇಳಿದೆ. ಅವಳು ಚಾಕು ಕೆಳಗಿಟ್ಟು ಬ್ರೆಡ್ಡನ್ನು ನೋಡಿದಳು.

"ಅಂದ್ರ, ಇದು ನಿಂದಲ್ಲ?"

"ಅಲ್ಲ."

"ನಂದ," ಅಂದಳು. "ಪೂರಾ ನಂದ."

ಉಳಿದ ಬ್ರೆಡ್ಡನ್ನು ಅರಿವೆಯಲ್ಲಿ ಸುತ್ತಿಕೊಂಡು ಮೆಟ್ಟಿಲು ಹತ್ತಿ ಹೋದಳು. ಕೊಯ್ದ ತುಂಡೊಂದು ಕಟ್ಟೆಯ ಮೇಲೆ ಉಳಿದಿತ್ತು. ಅಲ್ಲೇ ನಿಂತು ತಿಂದೆ. ಚೆನ್ನಾಗಿತ್ತು, ನನ್ನದಕ್ಕಿಂತ ಹದವಾದ ಹುಳಿ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಈಗ ಪೇಟೆಯ ಅಂಗಡಿಯಲ್ಲಿ ಎರಡೂ ಬ್ರೆಡ್ಡು ಸಿಗುತ್ತವೆ. ಅವಳು ನನ್ನ ಕ್ಷಮೆ ಕೇಳಿಲ್ಲ, ನಾನೂ ಅವಳ ಕ್ಷಮೆ ಕೇಳಿಲ್ಲ. ಹಬ್ಬಕ್ಕೆ ಹೋಳಿಗೆ ಕೊಟ್ಟು ತೆಗೆದುಕೊಳ್ಳುತ್ತೇವೆ, ಬ್ರೆಡ್ಡಿನ ಮಾತು ಎತ್ತುವುದಿಲ್ಲ. ಈ ತಿಂಗಳಿಂದ ನಾನು ನಮ್ಮ ಕಡೆಯ ಹಳೆಯ ತಳಿಯಾದ ಜವೆಗೋಧಿಯ ಬ್ರೆಡ್ಡು ಕಲಿಯುತ್ತಿದ್ದೇನೆ. ಅದು ಬಲು ಮೊಂಡು ಹಿಟ್ಟು, ಸುಲಭಕ್ಕೆ ಏಳುವುದಿಲ್ಲ. ಅವಳಿಗೆ ಅದು ಇನ್ನೂ ಬರುವುದಿಲ್ಲ.