ಶೀನಣ್ಣನ ರಜಾಯಿ

ದಿಲ್ಲಿಯ ಚಳಿಗಾಲದಲ್ಲಿ ಶೀನಣ್ಣ ತಮ್ಮ ರಜಾಯಿಯನ್ನು ದೋಸೆ ಹಿಟ್ಟಿನ ಪಾತ್ರೆಗೆ ಹೊದಿಸಿ, ತಾವು ಎರಡು ಸ್ವೆಟರ್ ಹಾಕಿಕೊಂಡು ಮಲಗುತ್ತಿದ್ದರು. ಜನವರಿಯಲ್ಲಿ ಇಲ್ಲಿ ಹಿಟ್ಟು ಹುಳಿ ಬರುವುದೇ ಕಷ್ಟ. "ನನಗೆ ಚಳಿಯಾದ್ರೆ ಕೆಮ್ಮು ಬಂದೀತು, ಅಷ್ಟೆ. ಅದಕ್ಕೆ ಚಳಿಯಾದ್ರೆ ಹೋಟೆಲ್ ಮುಚ್ಚಬೇಕಾದೀತು ಮಾರಾಯ್ರೆ" ಎನ್ನುತ್ತಿದ್ದರು.

ಕಾರ್ಕಳದ ಕಡೆಯವರು. ನನ್ನ ಅಪ್ಪ ಈ ಹೋಟೆಲು ತೆರೆದಾಗ ಕಾವಲಿಯ ಮುಂದೆ ನಿಂತವರು ಎಪ್ಪತ್ತಾದರೂ ಅಲ್ಲೇ ಇದ್ದರು. ನನಗೇ ಅರವತ್ತು ದಾಟಿದರೂ ಅವರಿಗೆ ನಾನು 'ಸಣ್ಣ ಧಣಿ'. ಪಕ್ಕದ ಕಿದ್ವಾಯಿ ನಗರದ ಸರಕಾರಿ ನೌಕರರು ಅರವತ್ತಕ್ಕೆ ನಿವೃತ್ತರಾಗಿ, ಹಾರ ಹಾಕಿಸಿಕೊಂಡು, ಪಾರ್ಟಿ ಕೊಡಲು ನಮ್ಮಲ್ಲಿಗೇ ಬರುತ್ತಿದ್ದರು. ಅವರಿಗೂ ದೋಸೆ ಹೊಯ್ಯುತ್ತಿದ್ದವರು ಶೀನಣ್ಣನೇ.

ಅಂಥದೊಂದು ಪಾರ್ಟಿಯ ಮರುದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನ್ನೆದುರು ಬಂದು ನಿಂತರು. ಕಾಲು ಊದಿತ್ತು.

"ಸಣ್ಣ ಧಣಿ, ಇನ್ನು ನಿಲ್ಲಲಿಕ್ಕೆ ಆಗುದಿಲ್ಲ. ತಂಗಿಯ ಮನೆಗೆ ಹೋಗ್ತೇನೆ. ಬೇರೆಯವರು ಹೊಯ್ದ ದೋಸೆ ಒಮ್ಮೆ ಕೂತು ತಿನ್ನಬೇಕು."

"ಈ ಚಳಿಗಾಲ ಒಂದು ಕಳೀಲಿ ಶೀನಣ್ಣ. ನಿಮ್ಮ ಕೈ ಇಲ್ಲದೆ ಹಿಟ್ಟು ಉಬ್ಬುದಿಲ್ಲ" ಎಂದೆ.

ಹೊಗಳಿಕೆಗೆ ನಾಚಿಕೊಂಡು ಒಳಗೆ ಹೋದರು. ಮೂರು ಚಳಿಗಾಲ ಅದೇ ಮಾತನ್ನು ಹೇಳಿ ತಡೆದು ನಿಲ್ಲಿಸಿದೆ. ದುಡಿಯುತ್ತಿದ್ದರೆ ಮುದುಕರು ಗಟ್ಟಿಯಾಗಿರುತ್ತಾರೆ ಎಂದು ಪಾರ್ಕಿನ ಬೆಂಚಿನಲ್ಲಿ ಕೂತು ಗೆಳೆಯರಿಗೆ ಭಾಷಣ ಬೇರೆ ಬಿಗಿಯುತ್ತಿದ್ದೆ. ನಾನಂತೂ ಮಂಡಿನೋವೆಂದು ಅಷ್ಟರಲ್ಲಿ ಗಲ್ಲಾವನ್ನು ಮಗನಿಗೆ ಬಿಟ್ಟುಕೊಟ್ಟಿದ್ದೆ.

ಈ ಜನವರಿಯಲ್ಲಿ ಕೆಮ್ಮು ಶೀನಣ್ಣನ ಎದೆಗಿಳಿಯಿತು. ಆಸ್ಪತ್ರೆಗೆ ಸೇರಿಸಿದೆವು. ಮಗ ದಿಲ್ಲಿಯ ಅಂಚಿನ ಇಂದಿರಾಪುರಂನಿಂದ ಹೊಸ ಅಡುಗೆಯವನನ್ನು ಕರೆಸಿದ. ಅವನು ಬಂದವನೇ ಹೀಟರ್ ಒಂದನ್ನು ತರಿಸಿ ಹಿಟ್ಟಿನ ಪಾತ್ರೆಯನ್ನು ಅದರ ಪಕ್ಕ ಇಟ್ಟ. ಬೆಳಿಗ್ಗೆ ಹಿಟ್ಟು ಮುಚ್ಚಳ ಎತ್ತುವಷ್ಟು ಉಬ್ಬಿತ್ತು. ಹೀಟರ್ ತರಬಹುದೆಂದು ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ. ರಜಾಯಿ ನನ್ನದಾಗಿರಲಿಲ್ಲವಲ್ಲ.

ಅದೇ ಹಿಟ್ಟಿನ ದೋಸೆಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆ. ಕಡೆಗೂ ಅವರ ಆಸೆ ತೀರಿಸುತ್ತಿದ್ದೇನೆಂಬ ಹೆಮ್ಮೆ ನನಗೆ. ನಾಚಿಕೆಗೇಡು. ಶೀನಣ್ಣ ದಿಂಬಿಗೆ ಒರಗಿ, ದೋಸೆಯ ಅಂಚು ಮುರಿದು, ಬೆರಳಲ್ಲಿ ಹಿಡಿದು ನೋಡಿದರು.

"ಯಾರು ಹೊಯ್ದದ್ದು?"

"ಹೊಸಬ."

"ಹಿಟ್ಟು?"

"ಅದೂ ಅವನದೇ."

"ಆಗ್ತದಲ್ಲ ಮತ್ತೆ" ಎಂದರು.

ಮುರಿದ ತುಂಡನ್ನು ಡಬ್ಬಿಗೇ ಹಾಕಿ ಗೋಡೆಯ ಕಡೆ ಹೊರಳಿಕೊಂಡರು. ನನ್ನೊಂದಿಗೆ ಅವರು ಆಡಿದ ಕೊನೆಯ ಮಾತು ಅದು.