ಸಿಗ್ವಾಲ್ಡ್ ಏಣಿ ಹತ್ತಿದ ಶನಿವಾರ

ತೆರಿಗೆ ಕಟ್ಟುವಾಗ ಗೊಣಗದ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನಮ್ಮ ಲೈರ್‌ವಿಕ್‌ನ ಸಿಗ್ವಾಲ್ಡ್. ಹಡಗು ಕಟ್ಟುವ ಕಡೆ ವೆಲ್ಡರ್ ಆಗಿದ್ದ. ನಾವೆಲ್ಲ ಕಾಫಿ ಕುಡಿಯುತ್ತಾ, ಸಂಬಳದಲ್ಲಿ ಅರ್ಧ ಸರ್ಕಾರವೇ ನುಂಗಿತು ಅಂತ ಶಾಪ ಹಾಕುತ್ತಿದ್ದರೆ ಇವನು, "ನಿಮ್ಮಮ್ಮನ ಸೊಂಟಕ್ಕೆ ಹೊಸ ಕೀಲು ಹಾಕಿದ್ದು ಯಾರಪ್ಪನ ದುಡ್ಡು?" ಅಂತ ಕೇಳಿ ಬಾಯಿ ಮುಚ್ಚಿಸುತ್ತಿದ್ದ. ಕೈಲಾಗುವಾಗ ಕೊಡಬೇಕು, ಕೈಲಾಗದಿದ್ದಾಗ ತಗೋಬೇಕು, ಅದರಲ್ಲಿ ನಾಚಿಕೆ ಏನು ಬಂತು ಅನ್ನುತ್ತಿದ್ದ.

ಹೇಳುವುದು ಸುಲಭ. ಐವತ್ನಾಲ್ಕನೇ ವಯಸ್ಸಿಗೆ ಅವನ ಬಲಭುಜ ಹೋಯಿತು. ಎರಡು ಸಲ ಕೊಯ್ದು ಹೊಲಿದರೂ ಸರಿಹೋಗಲಿಲ್ಲ, ಬೆನ್ನುನೋವೂ ಜೊತೆಗೂಡಿತು. ಇನ್ನು ದುಡಿದದ್ದು ಸಾಕು ಅಂದರು ಡಾಕ್ಟರು. ಪಿಂಚಣಿ ಕಚೇರಿಯವರು ತಿಂಗಳಾ ತಿಂಗಳಾ ದುಡ್ಡು ಹಾಕತೊಡಗಿದರು. ಕೇಳಿದ್ದಕ್ಕಲ್ಲ, ಬೇಡಿದ್ದಕ್ಕಲ್ಲ, ಅದು ಅವನ ಹಕ್ಕು.

ಆಮೇಲೂ ಅವನು ಬೆಳಿಗ್ಗೆ ಏಳಕ್ಕೆ ಬ್ರೆಡ್ಡಿನ ಬುತ್ತಿ ಕಟ್ಟಿಕೊಂಡು ಕಾರು ಹತ್ತಿ ಹೋಗುವುದು, ನಾಲ್ಕಕ್ಕೆ ವಾಪಸ್ಸು ಬರುವುದು ನಡೆದೇ ಇತ್ತು. ಹಗುರವಾದ ಕೆಲಸ ಏನೋ ಸಿಕ್ಕಿರಬೇಕು ಅಂದುಕೊಂಡಿದ್ದೆ. ಅವನ ಹೆಂಡತಿ ಮಾರಿಟ್ ಒಂದು ದಿನ ನನ್ನ ಅಡುಗೆಮನೆಯಲ್ಲಿ ಕೂತು ಅತ್ತಾಗ ವಿಷಯ ಗೊತ್ತಾಯಿತು. ಬೆಟ್ಟಗಳ ನಡುವೆ ಒಳಚಾಚಿದ ಕಡಲು ನಮ್ಮ ಫ್ಯೋರ್ಡು, ಅದರ ಆಚೆ ದಡದಲ್ಲಿ, ಯಾರೂ ಬಾರದ ಕಡೆ ಕಾರು ನಿಲ್ಲಿಸಿ, ರೇಡಿಯೋ ಹಾಕಿಕೊಂಡು, ಊರಿನವರೆಲ್ಲ ಕೆಲಸದಿಂದ ಮನೆಗೆ ಬರುವ ಹೊತ್ತಿನವರೆಗೂ ಅಲ್ಲೇ ಕೂತಿರುತ್ತಿದ್ದನಂತೆ. ಹಾಡುಹಗಲು ಸ್ವಂತ ಅಂಗಳದಲ್ಲಿ ನಿಂತರೆ ಜನ ಏನಂತಾರೋ ಅಂತ. ಅಯ್ಯೋ ನಿನ್ನ, ಅನ್ನಿಸಿತು ನನಗೆ. ಸಿಟ್ಟೂ ಬಂತು, ಕರುಳೂ ಚುರುಕ್ ಅಂತು.

ಮೇ ತಿಂಗಳ ಒಂದು ಶನಿವಾರ ನಮ್ಮಲ್ಲಿ ದುಗ್ನಾಡ್. ಊರಿನ ಸಭಾಮನೆ, ರಸ್ತೆ, ದೋಣಿಕಟ್ಟೆ ಎಲ್ಲವನ್ನೂ ಊರವರೇ ಸೇರಿ ಒಪ್ಪ ಮಾಡುವ ದಿನ. ಕೂಲಿಯಿಲ್ಲ, ಬಲವಂತವಿಲ್ಲ. ಆದರೆ ಬಾರದವನ ಹೆಸರು ಮುಂದಿನ ಮೇ ತನಕ ಎಲ್ಲರ ನಾಲಿಗೆ ಮೇಲಿರುತ್ತದೆ. ಎಷ್ಟೋ ವರ್ಷ ಅದರ ಮುಂದಾಳು ಸಿಗ್ವಾಲ್ಡೇ. ಆ ವರ್ಷ ಅವನಿಗೆ ಅಡಕತ್ತರಿಯಲ್ಲಿ ಸಿಕ್ಕ ಹಾಗಾಯಿತು. ಹೋಗದಿದ್ದರೆ ಮೈಗಳ್ಳ, ಹೋಗಿ ದುಡಿದರೆ ಮೋಸಗಾರ. ಕುರ್ಚಿ ಹಾಕಿಕೊಂಡು ಸುಮ್ಮನೆ ಕೂರು, ನಿನ್ನನ್ನು ಯಾರೂ ತಿನ್ನುವುದಿಲ್ಲ ಅಂತ ಮಾರಿಟ್ ಎಳೆದುಕೊಂಡೇ ಬಂದಳು.

ಬಂದು ಕೂತ. ನಾನು ಬಿಸಿ ವಾಫಲಿನ ಮೇಲೆ ಕಂದು ಚೀಸ್ ಇಟ್ಟು ಕೊಟ್ಟೆ. ಆಗ ಆಸ್ಲೆ ಬಂದ. ಮೀನು ಸಾಕುವ ಕಂಪನಿಯಲ್ಲಿ ಬೋಟು ಓಡಿಸುವವನು, ಮನಸ್ಸಿನಲ್ಲಿ ಏನೂ ಇಲ್ಲ, ಬಾಯಿಗೆ ಮಾತ್ರ ಬೀಗವಿಲ್ಲ.

"ಏನಪ್ಪಾ ಸಿಗ್ವಾಲ್ಡ್, ನಮ್ಮ ತೆರಿಗೆ ಚೆನ್ನಾಗಿ ಅರಗ್ತಿದೆಯಾ?" ಅಂದ.

ಎಲ್ಲರೂ ನಕ್ಕರು. ಸಿಗ್ವಾಲ್ಡೂ ನಕ್ಕ. ನಕ್ಕು, ವಾಫಲನ್ನು ತಟ್ಟೆಯಲ್ಲೇ ಬಿಟ್ಟು ಎದ್ದ. ಬಣ್ಣದ ಡಬ್ಬ ಹಿಡಿದು ಏಣಿ ಹತ್ತಿ, ಎಡಗೈಯಲ್ಲಿ ಸಭಾಮನೆಯ ಗೋಡೆಗೆ ಬಣ್ಣ ಬಳಿಯತೊಡಗಿದ. ಎರಡು ಗಂಟೆ ಕಾಲ ಇಳಿಯಲಿಲ್ಲ. ಇಳಿದಾಗ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ, ಅಂಗಿಯ ಗುಂಡಿಯನ್ನು ಮಾರಿಟ್ ಹಾಕಬೇಕಾಯಿತು.

ಮುಂದಿನ ವಾರವೇ ಪಿಂಚಣಿ ಕಚೇರಿಯವರು ಅವನನ್ನು ವಿಚಾರಣೆಗೆ ಕರೆದರು ಅಂತ ಸುದ್ದಿಯಾಯಿತು. ಯಾರೋ ಚಾಡಿ ಹೇಳಿದ್ದಾರೆ. ಯಾರು? ಊರಿಗೆ ಯೋಚಿಸುವ ತೊಂದರೆಯೇ ಬರಲಿಲ್ಲ. ಆಸ್ಲೆ! ಇನ್ಯಾರು? ಅಷ್ಟೇ ಸಾಕಾಯಿತು. ಅಂಗಡಿಯಲ್ಲಿ ಅವನ ಮುಖ ಕಂಡರೆ ಜನ ಬೆಣ್ಣೆಯ ಪೊಟ್ಟಣ ಓದುತ್ತಾ ನಿಲ್ಲತೊಡಗಿದರು. ಜೂನಿನಲ್ಲಿ, ನಡುಬೇಸಿಗೆಯ ಹಬ್ಬಕ್ಕೆ ಊರವರೆಲ್ಲ ಸೇರಿ ಬೆಂಕಿ ಹಾಕುವ ಸಂಜೆ, ಅವನೂ ಅವನ ಹೆಂಡತಿಯೂ ಇಬ್ಬರೇ ಒಂದು ಕಡೆ ನಿಂತು ಸಾಸೇಜು ಸುಟ್ಟುಕೊಂಡರು. ನಾನಲ್ಲ ಅಂತ ಅವನು ಒಂದೆರಡು ಸಲ ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ನಾವು ಅದನ್ನೂ ಆಡಿಕೊಂಡೆವು.

ಚಳಿಗಾಲಕ್ಕೆ ಮೊದಲು ಎಲೆ ಗುಡಿಸುವ ದುಗ್ನಾಡಿಗೆ ಎಲ್ಲರೂ ಸೇರಿದ್ದೆವು. ಕಾಫಿಯ ಹೊತ್ತಿಗೆ ಸಿಗ್ವಾಲ್ಡ್ ಮಾರಿಟ್ ಜೊತೆ ಬಂದ, ಕೂರಲಿಲ್ಲ.

"ಆಸ್ಲೆ ಏನೂ ಮಾಡಿಲ್ಲ. ಕಚೇರಿಗೆ ಫೋನ್ ಮಾಡಿದ್ದು ನಾನೇ," ಅಂದ.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. ಎರಡು ಗಂಟೆ ಏಣಿ ಮೇಲೆ ನಿಂತವನು ಕೆಲಸ ಮಾಡಲಾರೆ ಅಂತ ದುಡ್ಡು ತಗೊಳ್ಳುವುದು ಸರಿಯಾ ಅಂತ ಅವನಿಗೆ ನಿದ್ದೆ ಬರಲಿಲ್ಲವಂತೆ. ತನ್ನ ಮೇಲೆ ತಾನೇ ದೂರು ಕೊಟ್ಟನಂತೆ. ಅವರು ಮತ್ತೊಮ್ಮೆ ಡಾಕ್ಟರಿಗೆ ತೋರಿಸಿ, ಊರ ಕೆಲಸಕ್ಕೆ ಕೈ ಹಾಕಿದರೆ ತಪ್ಪಲ್ಲ, ಆದರೆ ಈ ಭುಜ ಇಟ್ಟುಕೊಂಡು ಇನ್ನು ಏಣಿ ಹತ್ತಬೇಡಿ ಅಂತ ಬೈದು ಕಳಿಸಿದರಂತೆ. ದುಡ್ಡು ನಿಂತಿಲ್ಲ. ತನ್ನಿಂದ ಆಸ್ಲೆಗೆ ಕೆಟ್ಟ ಹೆಸರು ಬಂದದ್ದು ಮೊನ್ನೆಯಷ್ಟೇ ಕಿವಿಗೆ ಬಿತ್ತು, ಅದಕ್ಕೇ ಬಂದೆ ಅಂದ.

ಎಲ್ಲರಿಗೂ ಉಸಿರು ಬಂದಂತಾಯಿತು. ಇಂಥ ಹುಚ್ಚ ಈ ದೇಶ ಬಿಟ್ಟರೆ ಇನ್ನೆಲ್ಲೂ ಹುಟ್ಟಲಾರ ಅಂತ ಯಾರೋ ನಕ್ಕರು. ಆಸ್ಲೆ ಕಣ್ಣೊರೆಸಿಕೊಂಡು, ಕೈಕುಲುಕಲು ಎದ್ದು ಬಂದ.

"ಉಳಿದದ್ದೂ ಹೇಳು," ಅಂದಳು ಮಾರಿಟ್.

"ಬೇಡ ಕಣೇ."

"ನೀನು ಹೇಳಲ್ಲ ಅಂದ್ರೆ ನಾನು ಹೇಳ್ತೀನಿ. ಏಣಿ ಹತ್ತಿದ ಮೇಲಿನ ಸೋಮವಾರ ಒಂಬತ್ತಕ್ಕೆ ಕಚೇರಿ ತೆಗೀತು. ಇವನು ಧೈರ್ಯ ಮಾಡಿ ಫೋನ್ ಎತ್ತೋವಾಗ ಹತ್ತು. ಅಲ್ಲಿದ್ದ ಹುಡುಗಿ ಬಾಯಿ ತಪ್ಪಿ ಏನಂದಳು ಗೊತ್ತಾ? ನಿಮ್ಮ ವಿಷಯಕ್ಕೆ ಬಂದ ನಾಲ್ಕನೇ ಫೋನ್ ಇದು ಅಂದಳು."

ಆಸ್ಲೆ ನಿಂತಲ್ಲೇ ನಿಂತ. ಉಳಿದವರೆಲ್ಲ ಕಾಫಿ ಕಪ್ಪಿನೊಳಗೆ ನೋಡತೊಡಗಿದರು. ನಾನು ಫೋನ್ ಮಾಡಿಲ್ಲ. ಆದರೆ ಆ ಶನಿವಾರ ವಾಫಲ್ ಹುಯ್ಯುತ್ತಾ, ಭುಜ ಹೋದವನು ಬಣ್ಣ ಹೇಗೆ ಬಳೀತಾನೆ ಅಂತ ನಾನೂ ಅಂದಿದ್ದೆ, ಮೆಲ್ಲಗೇನೂ ಅಂದಿರಲಿಲ್ಲ. ಅದು ಯಾರ ಕಿವಿಗೆ ಬಿತ್ತೋ.

ಸಿಗ್ವಾಲ್ಡ್ ಹೆಂಡತಿಯ ತೋಳು ಹಿಡಿದು, "ಅವರು ಮಾಡಿದ್ದು ಸರಿ ಮಾರಿಟ್. ಎಲ್ಲರ ದುಡ್ಡು, ಎಲ್ಲರೂ ಕಾಯಬೇಕು ತಾನೇ," ಅಂದ. ಆಮೇಲೆ ನಮ್ಮ ಕಡೆ ತಿರುಗಿ, "ನಿಮಗೆಲ್ಲ ತೊಂದರೆ ಕೊಟ್ಟೆ, ಕ್ಷಮಿಸಿ," ಅಂದ. ಚುಚ್ಚಿ ಅಂದಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ನಿಜವಾಗಿಯೇ ಕ್ಷಮೆ ಕೇಳುತ್ತಿದ್ದ.

ಇಬ್ಬರೂ ಹೊರಟರು. ಇರು ಸಿಗ್ವಾಲ್ಡ್, ಕಾಫಿ ಕುಡಿದು ಹೋಗು ಅಂತ ಒಬ್ಬರಾದರೂ ಅನ್ನಬೇಕಿತ್ತು. ನನ್ನ ನಾಲಿಗೆ ತುದಿಗೇ ಬಂದಿತ್ತು. ಮೊದಲು ಬಾಯಿ ಬಿಟ್ಟವರೇ ಫೋನ್ ಮಾಡಿದ ಆ ಮೂವರಲ್ಲಿ ಒಬ್ಬರು ಅಂದುಕೊಂಡಾರು ಅಂತ ಹೆದರಿ ನಾನೂ ಅನ್ನಲಿಲ್ಲ, ಯಾರೂ ಅನ್ನಲಿಲ್ಲ.